ಸೀಮೆಯ ವಾಸವೂ ನಮ್ಮ ಸಾಹಿತ್ಯವೂ

ಕನ್ನಡದಲ್ಲಿ ‘ಸೀಮೆ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಎಲ್ಲೆಯುಳ್ಳ ಒಂದು ನಾಡು ಎಂಬುದು ಮೊದಲನೆಯದು; ಅದು ಸಂಸ್ಕೃತದಿಂದ ಬಂದದ್ದು. ಎರಡನೆಯದನ್ನು ಯಾವ ಪಂಡಿತನೂ ಕಲಿಸಲಿಲ್ಲ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ ಎನ್ನುತ್ತ ನಮ್ಮ ಹೆಂಗಸರೂ ಒಕ್ಕಲುಮಕ್ಕಳೂ ತಾವೇ ಅದನ್ನು ಮಾಡಿಕೊಂಡರು. ಹಡಗಿನಲ್ಲಿ ಬಂದದ್ದೆಲ್ಲ ಅವರಿಗೆ ಸೀಮೆಯದು. ಆಂಗ್ಲೇಯರು ತಮ್ಮ ದೇಶವನ್ನು ವಿಭಾಗಿಸಿಕೊಂಡಿರುವ ಕೌಂಟಿ ಎಂಬುದಕ್ಕೆ ಜಿಲ್ಲೆಯೆಂಬ ಪದಕ್ಕಿಂತ ಸೀಮೆ ಎಂಬುದೇ ಹೆಚ್ಚು ಒಪ್ಪುವುದೆಂದು ನನ್ನ ಮತ. ಮಿಡ್ಲ್‌ಸೆಕ್ಸ್ ಎಂಬ ಕೌಂಟಿಯ ಆಡಳಿತ 1965ರಲ್ಲಿಯೇ ಇಲ್ಲವಾಯಿತು. ಆ ಹೆಸರಿನ ಕ್ರಿಕೆಟ್ ತಂಡ ಇಂದಿಗೂ ಆಡುತ್ತಿದೆ. ರಟ್ಲೆಂಡ್ ಎಂಬ ಅತಿ ಸಣ್ಣ ಕೌಂಟಿಯನ್ನು 1974ರಲ್ಲಿ ನೆರೆಯದರೊಳಗೆ ಸೇರಿಸಿದರು. 1997ರಲ್ಲಿ ಅದು ತಿರುಗಿ ತಲೆಯೆತ್ತಿತು. ವರ್ಡ್ಸ್‌ವರ್ತ್ ಕವಿಯ ಕಂಬರ್ಲೆಂಡ್, ವೆಸ್ಟ್‌ಮೋರ್ಲೆಂಡ್ ಸೀಮೆಗಳು ಅದೇ 1974ರಲ್ಲಿ ಕಂಬ್ರಿಯಾ ಎಂಬ ಹೊಸ ಹೆಸರಿನೊಳಗೆ ಅಡಗಿ, 2023ರಲ್ಲಿ ಹಳೆಯ ಹೆಸರುಗಳು ಮತ್ತೆ ಆಡಳಿತದ ಫಲಕಗಳ ಮೇಲೆ ಕಾಣಿಸಿಕೊಂಡವು. ಇದನ್ನು ಕಂಡು ನಾವು ನಗಬೇಕಾದುದಿಲ್ಲ. ನಮ್ಮ ದೊಡ್ಡಆಲಹಳ್ಳಿ ತಾನಿದ್ದ ಜಾಗದಿಂದ ಗೇಣು ಕದಲದೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ, 2007ರಲ್ಲಿ ರಾಮನಗರ ಜಿಲ್ಲೆಗೂ ಸೇರಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯ ಗ್ರಾಮವೆನಿಸಿತು. ಕೇಳಿದವರಿಗೆ ನಮ್ಮ ಜನ ಇಂದಿಗೂ ಕನಕಪುರದ ಸೀಮೆಯವರೆಂದೇ ಹೇಳುವರು.

ಪ್ರಕೃತ ವಿಷಯಕ್ಕೆ ಬರೋಣ. ಅಂತಹ ಒಂದು ಆಂಗ್ಲ ಸೀಮೆಯಲ್ಲಿ ಬದುಕುವುದು ಹೇಗಿರುತ್ತದೆಂಬುದನ್ನು ಕನ್ನಡದಲ್ಲಿ ಓದಿ ತಿಳಿಯಬೇಕೆಂದು ಹೊರಟರೆ ನಮಗೆ ದೊರೆಯುವುದೇನು? ಅಲ್ಲಿ ವಾಸವಾಗಿದ್ದ ನಮ್ಮ ಲೇಖಕರೇನೂ ಅಲ್ಪರಲ್ಲ. ವಿನಾಯಕ ಕೃಷ್ಣ ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದರು. ಗಿರೀಶ ಕಾರ್ನಾಡರು 1960ರಿಂದ 1963ರವರೆಗೆ ಅದೇ ಊರಿನಲ್ಲಿದ್ದರು. ಶಾಂತಿನಾಥ ದೇಸಾಯಿಯವರು ಯಾರ್ಕ್‌ಷೈರಿನ ಲೀಡ್ಸಿನಲ್ಲಿ ಓದಿದರು. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿದ್ದು 1966ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಆಗ ಆ ನಗರ ವಾರ್ವಿಕ್‌ಷೈರಿಗೆ, ಎಂದರೆ ಷೇಕ್ಸ್‌ಪಿಯರನ ಸೀಮೆಗೆ, ಸೇರಿತ್ತು. ಇಂತಹ ಕಣ್ಣುಳ್ಳವರು ನಾಲ್ವರು ವರ್ಷಾನುಗಟ್ಟಲೆ ಇದ್ದುಬಂದ ನೆಲವು ಕನ್ನಡದಲ್ಲಿ ನೆರಳಿನಂತೆ ಮಾತ್ರ ಕಾಣುವುದೇಕೆ?

ಗೋಕಾಕರ ಪ್ರವಾಸಗ್ರಂಥದ ಹೆಸರು ‘ಸಮುದ್ರದಾಚೆಯಿಂದ’. ಆ ಪಂಚಮೀ ವಿಭಕ್ತಿಯನ್ನು ಗಮನಿಸಬೇಕು; ಬರೆಯುವವನು ನಿಂತಿರುವುದು ಆಚೆಯಲ್ಲಿ, ಮುಖ ತಿರುಗಿರುವುದು ಈಚೆಗೆ. ಅವರ ಆ ಯಾತ್ರೆಯಿಂದ ನಮಗೆ ಬಂದ ದೊಡ್ಡ ಕಾವ್ಯಫಲವಾದ ‘ಸಮುದ್ರ ಗೀತೆಗಳು’ (1940) ಹೆಸರೇ ಹೇಳುವಂತೆ ಕಡಲಿನದು, ದಡದ್ದಲ್ಲ. ಕಾರ್ನಾಡರು ಹೊರಡುವ ತಳಮಳದಲ್ಲಿ ‘ಯಯಾತಿ’ಯನ್ನು ಬರೆದರು, ಹಿಂದಿರುಗಿದ ಮರುವರ್ಷ, 1964ರಲ್ಲಿ, ‘ತುಘಲಕ್’ ಪ್ರಕಟವಾಯಿತು. ನಡುವಣ ಮೂರು ವರ್ಷಗಳ ಆಕ್ಸ್‌ಫರ್ಡ್ ವಾಸದ ವೃತ್ತಾಂತಕ್ಕಾಗಿ ಓದುಗರು 2011ರ ಆತ್ಮಕಥೆ ‘ಆಡಾಡತಾ ಆಯುಷ್ಯ’ದವರೆಗೆ ಕಾಯಬೇಕಾಯಿತು. ದೇಸಾಯಿಯವರ ‘ವಿಕ್ಷೇಪ’ (1971) ಕಾದಂಬರಿಯ ನಾಯಕನಿಗೆ ವಿಲಾಯಿತಿಯೆಂಬುದು ಸೇರಬೇಕಾದ ಊರಲ್ಲ, ತಪ್ಪಿಸಿಕೊಳ್ಳುವ ದಾರಿ. ಅನಂತಮೂರ್ತಿಯವರ ‘ಕ್ಲಿಪ್ ಜಾಯಿಂಟ್’ ಎಂಬ ಕಥೆ ಅಲ್ಲಿಯೇ ನಡೆಯುವುದೇನೋ ನಿಜ; ಆದರೆ ಅದರ ಬೆನ್ನೆಲುಬು ಇಬ್ಬರು ತರುಣರ ನಡುವಣ ವಾದ. ವಾದಕ್ಕೆ ಊರು ಬೇಕಾಗುವುದಿಲ್ಲ, ಎರಡು ಕುರ್ಚಿಗಳಿದ್ದರೆ ಸಾಕು.

ಇವೆಲ್ಲಕ್ಕೂ ಶಿಖರಪ್ರಾಯವಾದುದು ‘ಸಂಸ್ಕಾರ’. 1965ರಲ್ಲಿ ಹೊರಬಂದ ಈ ಕಾದಂಬರಿಯು ಬರ್ಮಿಂಗ್‌ಹ್ಯಾಮಿನಲ್ಲಿ ರಚಿತವಾಯಿತೆಂಬುದನ್ನು ಓದುಗರು ಬಲ್ಲರು. ಬರ್ಗ್‌ಮನ್ನನ ಒಂದು ಚಲಚ್ಚಿತ್ರವನ್ನು ತಮ್ಮ ಅಧ್ಯಾಪಕ ಮಾಲ್ಕಂ ಬ್ರಾಡ್‌ಬರಿಯವರೊಡನೆ ನೋಡಿ ಬಂದ ಮೇಲೆ ನಡೆದ ಮಾತಿನಿಂದ ಅದು ಹುಟ್ಟಿತೆಂದು ಲೇಖಕರೇ ಹೇಳಿದ್ದಾರೆ. ಯೂರೋಪಿನವರು ಮಧ್ಯಯುಗವನ್ನು ಗ್ರಂಥಗಳಿಂದ ಕಟ್ಟಿಕೊಳ್ಳಬೇಕು, ನಿಮಗಾದರೋ ಅದು ಇನ್ನೂ ಜೀವಂತವಾಗಿದೆ ಎಂಬುದು ಆ ಮಾತಿನ ತಾತ್ಪರ್ಯ. ಹೊರಗೆ ಕಾರ್ಖಾನೆಗಳ ಹೊಗೆ, ಒಳಗೆ ದೂರ್ವಾಸಪುರದ ಅಗ್ರಹಾರ! ನಾರಣಪ್ಪನ ಶವ ಕೊಳೆಯುತ್ತಿದೆ, ಪ್ರಾಣೇಶಾಚಾರ್ಯರು ಓಲೆಗರಿಗಳನ್ನು ತಿರುವುತ್ತಿದ್ದಾರೆ, ಉತ್ತರ ದೊರೆಯದು. ನಮ್ಮಂತೆ ಪಾಠಶಾಲೆಯಲ್ಲಿ ಧರ್ಮಸೂತ್ರಗಳನ್ನು ಓದಿದವರಿಗೆ ಇಲ್ಲಿ ಮತ್ತೊಂದು ಸ್ವಾರಸ್ಯವಿದೆ. ಬೌಧಾಯನನು ಪತನೀಯ ಕರ್ಮಗಳನ್ನು ಎಣಿಸುವಾಗ ಸಮುದ್ರಯಾನವನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ನಾರಣಪ್ಪನ ಸಾಲಿನಲ್ಲಿ ಶಾಸ್ತ್ರವು ತನ್ನನ್ನೂ ನಿಲ್ಲಿಸುವಂತಹ ದೂರವನ್ನು ದಾಟಿದ ಒಬ್ಬ ತರುಣನು, ಆ ದೂರದಿಂದಲೇ ಶಾಸ್ತ್ರಕ್ಕೆ ಈ ಪ್ರಶ್ನೆಯನ್ನು ಹಾಕಿದನು. ಬರ್ಮಿಂಗ್‌ಹ್ಯಾಮು ಕಾದಂಬರಿಯೊಳಗೆ ಒಂದು ಮಾತಿನಲ್ಲಿಯೂ ಬರುವುದಿಲ್ಲ. ಆದರೂ ಅದಿಲ್ಲದಿದ್ದರೆ ಆ ಪ್ರಶ್ನೆಗೆ ಅಷ್ಟು ನಿರ್ಭಯವಾದ ಸ್ವರ ಬರುತ್ತಿತ್ತೇ ಎಂಬುದು ನನ್ನ ಸಂಶಯ.

ಇದಕ್ಕೆ ನಮ್ಮಲ್ಲಿ ಪೂರ್ವನಿದರ್ಶನವುಂಟು. ಮೇಘದೂತದ ಯಕ್ಷನು ಒಂದು ವರ್ಷದ ಶಾಪ ಹೊತ್ತು ರಾಮಗಿರಿಯಲ್ಲಿದ್ದಾನೆ. ಕಾವ್ಯಾರಂಭಕ್ಕೆ ಎಂಟು ತಿಂಗಳು ಕಳೆದಿವೆ. ಎಂಟು ತಿಂಗಳ ವಾಸವೆಂದರೆ ಸಾಮಾನ್ಯವೇ? ಆದರೂ ರಾಮಗಿರಿಗೆ ಕಾಳಿದಾಸನು ಕೊಡುವುದು ಸೀತೆ ಮಿಂದ ನೀರು, ತಂಪು ನೆರಳಿನ ಮರಗಳು, ರಾಮನ ಹೆಜ್ಜೆಗುರುತು, ಇಷ್ಟೇ. ದಾರಿಯ ರೇವಾನದಿಗೂ ವಿದಿಶೆಗೂ ಉಜ್ಜಯಿನಿಗೂ ಪೂರ್ವಮೇಘ ಮೀಸಲು. ಅಲಕೆಗೆ ಉತ್ತರಮೇಘ ಮೀಸಲು. ಯಕ್ಷನು ರಾಮಗಿರಿಯಲ್ಲಿ ಏನನ್ನು ತಿಂದನು, ಯಾರೊಡನೆ ಮಾತನಾಡಿದನು, ಬೆಟ್ಟದ ಜನ ಅವನನ್ನು ಏನೆಂದು ಕರೆದರು? ಕವಿಗೆ ಅದು ಬೇಡವಾಗಿತ್ತು. ವಿರಹಿಯ ಕಣ್ಣು ಕಾಲಡಿಯ ನೆಲವನ್ನು ನೋಡುವುದಿಲ್ಲ. ನಮ್ಮ ಲೇಖಕರೂ ಯಕ್ಷರೇ. ಆ ವಿರಹದಿಂದ ‘ಸಂಸ್ಕಾರ’ದಂತಹ ಕೃತಿ ಬಂದಿರುವಾಗ ಅದನ್ನು ದೋಷವೆನ್ನುವವನು ರಸಿಕನಲ್ಲ. ಆದರೆ ಗುಣವೊಂದೇ ದಾರಿಯಲ್ಲಿ ಬಂದಿತೆಂದು ಉಳಿದ ದಾರಿಯನ್ನು ಮುಚ್ಚಲಾದೀತೇ?

ಮುಚ್ಚಿರುವುದರಿಂದ ಆಗಿರುವ ನಷ್ಟಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ (1926) ಸಂಕಲನದಲ್ಲಿ ನ್ಯಾಷ್ ಕವಿಯ ವಸಂತಗೀತವನ್ನು ಕನ್ನಡಕ್ಕೆ ತಂದರು. ಶಾಲೆಯ ಮಕ್ಕಳು ಅದನ್ನು ತಲೆಮಾರುಗಳಿಂದ ಹಾಡುತ್ತಿದ್ದಾರೆ, ನಾನೂ ಹಾಡಿಸಿದ್ದೇನೆ. ಶ್ರೀಯವರ ಕೈಯಲ್ಲಿ ಅದು ಎಷ್ಟು ಕನ್ನಡವಾಯಿತೆಂದರೆ ಅದರ ಹಿಂದಿನ ಚಳಿಗಾಲವು ಉದುರಿಹೋಯಿತು. ನಮ್ಮಲ್ಲಿ ವಸಂತವೆಂದರೆ ಮಾವಿನ ಚಿಗುರು, ಯುಗಾದಿ, ಬಿಸಿಲಿನ ಮೊದಲ ಏಟು. ಕಾಳಿದಾಸನ ಋತುಸಂಹಾರವು ಗ್ರೀಷ್ಮದಿಂದ ಮೊದಲಾಗುತ್ತದೆ. ನಮ್ಮ ನಿಜವಾದ ಬಿಡುಗಡೆಯ ಋತು ವರ್ಷ. ಆಂಗ್ಲ ಸೀಮೆಯಲ್ಲಿಯಾದರೋ ಡಿಸೆಂಬರಿನಲ್ಲಿ ಎಂಟು ಗಂಟೆಗೆ ಬೆಳಕು ಹರಿದು ನಾಲ್ಕಕ್ಕೆ ಮುಂಚೆಯೇ ಹೊತ್ತು ಮುಳುಗುವುದು. ಅಂತಹ ನಾಲ್ಕು ತಿಂಗಳನ್ನು ಕಳೆದವನಿಗೆ ಆ ಗೀತವು ಬೇರೆ ಹಾಡು. ಸೆರೆಮನೆಯ ಕದ ತೆರೆದವನ ಕೂಗು. ಇದನ್ನು ನಮಗೆ ಹೇಳಬೇಕಾದವರು ಅಲ್ಲಿ ಚಳಿಗಾಲ ಕಳೆದವರು.

ಅವರು ಇಂದು ನೂರಾರು ಮಂದಿ ಇದ್ದಾರೆ. ವೈದ್ಯರು, ಗಣಕಯಂತ್ರದ ಕೆಲಸದವರು, ದಾದಿಯರು. ಕೌಂಟಿಯೆಂಬ ಪದವನ್ನು ನಮ್ಮ ಹುಡುಗರು ಅರಿತದ್ದು, 1995ರಲ್ಲಿ ಅನಿಲ್ ಕುಂಬ್ಳೆಯವರು ನಾರ್ಥಾಂಪ್ಟನ್‌ಷೈರಿನ ಪರವಾಗಿ 105 ವಿಕೆಟ್ಟುಗಳನ್ನು ಪಡೆದಾಗ. ಈಗ ಅವರಲ್ಲಿ ಕೆಲವರು ಅಲ್ಲಿ ಮನೆತೆರಿಗೆ ಕಟ್ಟುತ್ತಿದ್ದಾರೆ. ನನ್ನಲ್ಲಿ ಓದಿದ ಒಬ್ಬಳು ಅಂತಹ ಒಂದು ಸೀಮೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವೃದ್ಧರ ಶುಶ್ರೂಷೆ ಮಾಡುತ್ತಾಳೆ. “ಮೇಷ್ಟ್ರೇ, ಇಲ್ಲಿ ಮೊದಲು ಹವೆಯ ಮಾತು ಆಡಬೇಕು, ಆಮೇಲೆ ನೋವಿನ ಮಾತು” ಎಂದು ಆಕೆ ಬರೆದಿದ್ದಳು. ಮತ್ತೊಂದು ಪತ್ರದಲ್ಲಿ ಕಾಲುದಾರಿಯ ವಿಚಾರವಿತ್ತು. ಅಲ್ಲಿ ಒಡೆಯನ ಗೋಧಿಹೊಲದ ನಡುವೆಯೇ ಸಾರ್ವಜನಿಕರ ಕಾಲುದಾರಿ ಹಾಯುವುದುಂಟು. ಕೌಂಟಿಯವರು ಅದನ್ನು ನಕ್ಷೆಯಲ್ಲಿ ಗುರುತಿಸಿಡಬೇಕೆಂದು 1949ರ ಶಾಸನವಿದೆ. ಅಡ್ಡಗಟ್ಟಲು ಒಡೆಯನಿಗೆ ಅಧಿಕಾರವಿಲ್ಲ. ಮೊದಲ ದಿನ ಆಕೆ ಯಾರಾದರೂ ಗದರಿಸಿಯಾರೆಂದು ಓಡಿ ದಾಟಿದಳಂತೆ. ಎದುರಾದ ರೈತನು ಮಳೆ ಬರಬಹುದೆಂದು ಹೇಳಿ, ದನಕ್ಕಾಗಿ ತಡಿಕೆಯನ್ನು ಮುಚ್ಚಿಹೋಗೆಂದನಂತೆ. ನಮ್ಮ ಗ್ರಾಮನಕಾಶೆಯಲ್ಲಿಯೂ ಬಂಡಿದಾರಿಗೆ ಚುಕ್ಕೆಗೆರೆಗಳಿವೆ. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಆ ಚುಕ್ಕೆಗಳನ್ನು ಹುಡುಕಲು ಹೋದವನು ತಹಶೀಲ್ದಾರರ ಕಚೇರಿಯಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಆ ಎರಡು ಪುಟಗಳ ಪತ್ರದಲ್ಲಿ, ಲಂಡನ್ನಿನ ಗೋಪುರಗಳನ್ನೂ ಸೇತುವೆಗಳನ್ನೂ ಎಣಿಸುವ ಹಲವು ಪ್ರವಾಸಕಥನಗಳಲ್ಲಿ ನನಗೆ ಸಿಕ್ಕದ ಇಂಗ್ಲೆಂಡು ಸಿಕ್ಕಿತು.

ಏಕೆಂದರೆ ಆಕೆ ಅಲ್ಲಿ ದುಡಿಯುತ್ತಾಳೆ. ಪರನಾಡನ್ನು ಮೂರು ಬಗೆಯಲ್ಲಿ ಕಾಣಬಹುದು: ಯಾತ್ರಿಕನಾಗಿ, ವಿದ್ಯಾರ್ಥಿಯಾಗಿ, ಆಳಾಗಿ. ಮೊದಲೆರಡು ನಮ್ಮಲ್ಲಿ ಬೇಕಾದಷ್ಟಿವೆ. ಮೂರನೆಯದಕ್ಕೆ ಮಾದರಿಯನ್ನು ವ್ಯಾಸರು ವಿರಾಟಪರ್ವದಲ್ಲಿ ಇಟ್ಟುಹೋಗಿದ್ದಾರೆ. ಪಾಂಡವರು ವನವಾಸದ ಹನ್ನೆರಡು ವರ್ಷ ತೀರ್ಥಗಳನ್ನು ನೋಡಿದರು, ಋಷಿಗಳಿಂದ ಕಥೆ ಕೇಳಿದರು. ಮತ್ಸ್ಯದೇಶವನ್ನಾದರೋ ಅವರು ಅಡುಗೆಮನೆ, ಲಾಯ, ದನದ ಹಟ್ಟಿ, ನೃತ್ಯಶಾಲೆ, ಪಗಡೆಯ ಹಾಸು, ಅಂತಃಪುರ ಇವುಗಳ ಮೂಲಕ ಒಳಗಿನಿಂದ ಅರಿತರು. ದ್ರೌಪದಿಯು ರಾತ್ರಿ ಪಾಕಶಾಲೆಗೆ ಹೋಗಿ, ರಾಜನಿಗಾಗಿ ಗಂಧ ತೇದು ಜಡ್ಡುಗಟ್ಟಿದ ಅಂಗೈಗಳನ್ನು ಭೀಮನಿಗೆ ತೋರಿಸುತ್ತಾಳೆ. ಒಂದು ದೇಶದ ವಿಷಯವಾಗಿ ಆ ಎರಡು ಅಂಗೈಗಳು ಹೇಳುವುದನ್ನು ಯಾವ ವರ್ಣನೆಯೂ ಹೇಳಲಾರದು. ಕನ್ನಡಕ್ಕೆ ಇಂಗ್ಲೆಂಡಿನ ವಿರಾಟಪರ್ವವೊಂದು ಬರಬೇಕಾಗಿದೆ.

ಪ್ರತಿಯಾಗಿ ನಮ್ಮನ್ನು ಅವರು ಓದಿದ್ದಾರೆಂಬುದೂ ನೆನಪಿರಲಿ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸರು ನಮ್ಮ ಸೀಮೆಗಳ ಕಲ್ಲುಕಲ್ಲನ್ನೂ ಓದಿಸಿ, ಕಾನಕಾನಹಳ್ಳಿ ಎಂದು ಕರೆಯುತ್ತಿದ್ದ ನಮ್ಮ ತಾಲ್ಲೂಕಿನ ಶಾಸನಗಳನ್ನೂ ಅಚ್ಚುಹಾಕಿಸಿ, 1906ರಲ್ಲಿ ನಿವೃತ್ತರಾಗಿ ಹೋಗಿ, ಮಿಡ್ಲ್‌ಸೆಕ್ಸಿನ ಹ್ಯಾರೋ ಎಂಬಲ್ಲಿ 1927ರಲ್ಲಿ ತೀರಿಕೊಂಡರು. ಅವರದು ಅಧಿಕಾರಿಯ ಕಣ್ಣು, ಒಪ್ಪುತ್ತೇನೆ. ಆದರೂ ಹೊಲದ ಬದುವಿನ ವೀರಗಲ್ಲಿನ ಮುಂದೆ ನಿಲ್ಲುವ ತಾಳ್ಮೆ ಆ ಕಣ್ಣಿಗಿತ್ತು. ನಮ್ಮವರಿಗೆ ಅಧಿಕಾರ ಬೇಕಿಲ್ಲ, ಅಷ್ಟು ತಾಳ್ಮೆ ಸಾಕು. ಕಾದಂಬರಿಯೇ ಆಗಬೇಕೆಂದಿಲ್ಲ, ಬೇಲಿಯ ಗಿಡಗಳ ಹೆಸರು, ಕಸ ಒಯ್ಯುವ ದಿನದ ನಿಯಮ, ನೆರೆಯವರ ಮೌನ, ಮಕ್ಕಳು ಮನೆಗೆ ತರುವ ಮಾತು ಇಂತಹವನ್ನು ಪತ್ರರೂಪದಲ್ಲಿ ಬರೆದು ಕಳುಹಿಸಿದರೂ ಆದೀತು. ನನ್ನ ಶಿಷ್ಯೆಯು ಅನುಮತಿ ಕೊಟ್ಟಿದ್ದಾಳೆ, ಹೆಸರನ್ನು ಮಾತ್ರ ಹಾಕಬಾರದಂತೆ. ಸಂಪಾದಕರು ಸಮ್ಮತಿಸಿದರೆ ಮುಂದಿನ ಸಂಚಿಕೆಯಲ್ಲಿ ಕಾಲುದಾರಿಯ ಪತ್ರದಿಂದಲೇ ಆರಂಭಿಸಬಹುದು.