ಮತಾಂತರದ ಕಥನವೂ ಅಮೂಢದೃಷ್ಟಿಯೂ

ನಾಸ್ತಿಕನಾಗಿದ್ದವನು ಕ್ರಿಸ್ತನನ್ನು ಕಂಡುಕೊಂಡ ಬಗೆಯನ್ನು ಹೇಳುವ ಆತ್ಮಕಥನಗಳು ಪಾಶ್ಚಾತ್ಯ ಧಾರ್ಮಿಕ ಸಾಹಿತ್ಯದಲ್ಲಿ ಒಂದು ಪ್ರಕಾರವಾಗಿಯೇ ಬೆಳೆದಿವೆ. ಭಕ್ತರು ಇವನ್ನು ದೇವರ ಇರವಿಗೆ ಪ್ರಮಾಣವೆಂದು ಮುಂದಿಡುತ್ತಾರೆ. ನಿರೀಶ್ವರವಾದಿಗಳು, ಕಥನಕಾರನು ನಿಜವಾದ ನಾಸ್ತಿಕನೇ ಆಗಿರಲಿಲ್ಲವೆಂದು ತಳ್ಳಿಹಾಕುತ್ತಾರೆ. ಈ ವಾದ ಜೈನ ಓದುಗರಿಗೆ ಹೊರಗಿನದೆನಿಸಬಹುದು. ಆದರೆ ಜಿನಸೇನಾಚಾರ್ಯರು 9ನೆಯ ಶತಮಾನದ ತಮ್ಮ ಪುರಾಣದಲ್ಲಿ ಸೃಷ್ಟಿಕರ್ತೃವಾದವನ್ನು ಖಂಡಿಸಿದ್ದಾರೆ. ಕರ್ತೃವನ್ನು ಒಪ್ಪದವರೆಲ್ಲರನ್ನೂ ನಾಸ್ತಿಕರೆನ್ನುವ ರೂಢಿ ಇರುವವರೆಗೆ, ಇಂಥ ಕಥನಗಳು ಕತ್ತಲೆಯೆಂದು ಬಣ್ಣಿಸುವ ಪೂರ್ವಾರ್ಧದಲ್ಲಿ ಜೈನನೂ ನಿಂತಿರುತ್ತಾನೆ.

ಕನ್ನಡ ನಾಡಿನಲ್ಲಿ ಹೆಸರಾದ ಮತಾಂತರದ ಸ್ವರೂಪ ಬೇರೆ. 1844ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗರಿಂದ ದೀಕ್ಷೆ ಪಡೆದ ಆನಂದರಾವ್ ಕೌಂಡಿನ್ಯರು ಸಾರಸ್ವತ ಬ್ರಾಹ್ಮಣರು. ಅವರು ನಡೆದದ್ದು ಒಂದು ಶ್ರದ್ಧೆಯಿಂದ ಮತ್ತೊಂದಕ್ಕೆ. ನಾಸ್ತಿಕತೆಯಿಂದ ಹೊರಟ ಪಯಣಕ್ಕೆ ಸಿ. ಎಸ್. ಲೂಯಿಸರು 1955ರಲ್ಲಿ ಪ್ರಕಟಿಸಿದ 'ಸರ್‌ಪ್ರೈಸ್ಡ್ ಬೈ ಜಾಯ್' ಹೆಚ್ಚು ತಕ್ಕ ನಿದರ್ಶನ. 1908ರಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕ ಹದಿಹರೆಯದಲ್ಲಿ ಶ್ರದ್ಧೆಯನ್ನೂ ಕಳೆದುಕೊಂಡನು. 1930ರ ಸುಮಾರಿಗೆ ಈಶ್ವರನನ್ನು, 1931ರಲ್ಲಿ ಕ್ರಿಸ್ತನನ್ನು ಒಪ್ಪಿದನು. ಈ ಎರಡು ಹೆಜ್ಜೆಗಳನ್ನು ಬೆರೆಸದೆ, ಮೊದಲನೆಯದನ್ನು ಒಲ್ಲದ ಮನಸ್ಸಿನಿಂದಲೇ ಇಟ್ಟೆನೆಂದು ಒಪ್ಪಿಕೊಂಡಿರುವುದು ಆ ಕೃತಿಯ ಪ್ರಾಮಾಣಿಕತೆ.

ಆದರೂ ಇಂಥ ಕಥನದಲ್ಲಿ ಅನುಭವ, ತರ್ಕ, ನಿರ್ಧಾರ ಎಂಬ ಮೂರು ಎಳೆಗಳಿರುತ್ತವೆ. ಅನುಭವವನ್ನು ಸುಳ್ಳೆನ್ನಲು ಪರರಿಗೆ ಅಧಿಕಾರವಿಲ್ಲ. ತರ್ಕವನ್ನು ಮಾತ್ರ ಯಾರೂ ಪರೀಕ್ಷಿಸಬಹುದು. ನಿರ್ಧಾರವು ಆ ವ್ಯಕ್ತಿಯ ಸ್ವಾತಂತ್ರ್ಯ. ಅನುಭವದ ತೀವ್ರತೆಯನ್ನು ತರ್ಕದ ಬಲವೆಂದು ಎಣಿಸಿದಲ್ಲಿ ಭಕ್ತರು ತಪ್ಪುತ್ತಾರೆ. ತರ್ಕದ ಕೊರತೆಯನ್ನು ತೋರಿಸಿ ಅನುಭವವನ್ನೇ ಹಳಿದಲ್ಲಿ ವಿರೋಧಿಗಳು ತಪ್ಪುತ್ತಾರೆ. ಲೂಯಿಸರು ಹುಟ್ಟಿದ 1898ರಲ್ಲಿಯೇ ಕೇರಳದ ಕ್ರೈಸ್ತ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ ಅಬ್ರಹಾಂ ಕೋವೂರರು ಹೆಸರಾಂತ ನಾಸ್ತಿಕರಾದರು. ಜೀವನಕಥೆಯೇ ತತ್ತ್ವಕ್ಕೆ ಪ್ರಮಾಣವಾಗುವುದಾದರೆ ಈ ಎರಡು ಕಥೆಗಳು ಒಂದನ್ನೊಂದು ಅಳಿಸಿಹಾಕುತ್ತವೆ.

ಇಂಥ ಕಥನಗಳಲ್ಲಿ ಮತ್ತೊಂದು ದೋಷ ನುಸುಳುವುದುಂಟು. ಬೆಳಕನ್ನು ಹಿಗ್ಗಿಸಲು ಕತ್ತಲೆಯನ್ನು ದಟ್ಟಗೊಳಿಸಲಾಗುತ್ತದೆ. ನಾಸ್ತಿಕನ ಬಾಳು ನೀತಿಗೆಟ್ಟದ್ದೆಂದು ಚಿತ್ರಿತವಾಗುತ್ತದೆ. ವಿಜಯವಾಡದ ಗೋರಾ ಅವರು ನಿರೀಶ್ವರವಾದಿಯಾಗಿಯೇ ಅಸ್ಪೃಶ್ಯತೆಯ ವಿರುದ್ಧ ಬಾಳಿನುದ್ದಕ್ಕೂ ದುಡಿದರು. ಬೆಂಗಳೂರಿನ ವಿಚಾರವಾದಿ ಎಚ್. ನರಸಿಂಹಯ್ಯನವರು ಕುಲಪತಿಯ ಪದವಿಗೇರಿಯೂ ವಿದ್ಯಾರ್ಥಿನಿಲಯದ ಕೋಣೆಯ ಸರಳ ಬದುಕನ್ನು ಬಿಡಲಿಲ್ಲ. ಅಪರಿಗ್ರಹವನ್ನು ವ್ರತವೆಂದು ತಿಳಿದ ಸಮಾಜ ಇಂಥವರನ್ನು ಕತ್ತಲೆಯ ಪಾಲಿಗೆ ಸೇರಿಸಲಾರದು.

ಇದೇ ಅಳತೆಗೋಲು ಸ್ವಂತ ಪರಂಪರೆಗೂ ಸಲ್ಲಬೇಕು. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿಯೂ ಬರುವ ಮಹಾಬಲನ ಆಸ್ಥಾನದಲ್ಲಿ, ಆತ್ಮವನ್ನೊಪ್ಪದ ಭೂತವಾದಿ ಮಂತ್ರಿಗೆ ಸ್ವಯಂಬುದ್ಧನು ಮೊದಲು ಉತ್ತರಿಸುವುದು ಯುಕ್ತಿಯಿಂದ. ಪೂರ್ವಿಕರ ಕಥೆಗಳು ಬರುವುದು ಆನಂತರ. ಆ ಕಥೆಗಳು ಶ್ರದ್ಧೆಯುಳ್ಳ ಅರಸನನ್ನು ದೃಢಗೊಳಿಸುತ್ತವೆ. ಶ್ರದ್ಧೆಯಿಲ್ಲದವನಿಗೆ ಅವು ಪ್ರಮಾಣವಾಗವು. ಮಹಾಬಲನೂ ತನ್ನ ಪರಿವರ್ತನೆಯನ್ನು ಸಾರಿಕೊಂಡು ತಿರುಗಲಿಲ್ಲ. ರಾಜ್ಯವನ್ನು ತೊರೆದು ಸಲ್ಲೇಖನವನ್ನು ಕೈಗೊಂಡನು. ಇದಕ್ಕೆ ಪ್ರತಿಯಾಗಿ, ಶೈವವನ್ನು ಅನುಸರಿಸಿ ಮರಳಿ ಜಿನಧರ್ಮಕ್ಕೆ ಬಂದನೆಂದು ಸಾಹಿತ್ಯ ಚರಿತ್ರಕಾರರು ಹೇಳುವ ಬ್ರಹ್ಮಶಿವನ 'ಸಮಯಪರೀಕ್ಷೆ'ಯಲ್ಲಿ ಅನ್ಯಮತಗಳ ವಿಡಂಬನೆ ಹರಿತವಾಗಿದೆ. ಕಾವ್ಯವಾಗಿ ಅದು ಸ್ವಾರಸ್ಯಕರ. ಪರೀಕ್ಷೆಯಾಗಿ ಪಕ್ಷಪಾತದಿಂದ ಮುಕ್ತವಲ್ಲ.

ಮರಳವಾಡಿ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ಬೇರೊಂದು ವಿವೇಕಕ್ಕೆ ಕಲ್ಲಿನ ಸಾಕ್ಷಿಯಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದಾಗ ಬುಕ್ಕರಾಯನು 1368ರಲ್ಲಿ ನೀಡಿದ ತೀರ್ಪಿನ ಶಾಸನ ಶ್ರವಣಬೆಳಗೊಳದಲ್ಲಿರುವಂತೆ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ಯಾರ ಅನುಭವ ಸತ್ಯವೆಂದು ಅರಸನು ವಿಚಾರಿಸಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ತಮ್ಮವೆಂದೇ ತಿಳಿಯುವಂತೆ ಅವರಿಗೆ ವಿಧಿಸಿದನು.

ಮಗನೋ ಮಗಳೋ ಅನ್ಯ ಶ್ರದ್ಧೆಯನ್ನು ಹಿಡಿದ ಮನೆಯಲ್ಲಿ ಇದು ಗ್ರಂಥಚರ್ಚೆಯಾಗಿ ಉಳಿಯುವುದಿಲ್ಲ. ಅಲ್ಲಿ ಊಟದ ಪಂಕ್ತಿ ಒಡೆಯುತ್ತದೆ, ಮಾತು ನಿಲ್ಲುತ್ತದೆ. ಅಂಥ ಮಗುವಿನ ಅನುಭವವನ್ನು ಹಾಸ್ಯ ಮಾಡುವುದು ವಾತ್ಸಲ್ಯವಲ್ಲ. ಅದರ ತರ್ಕವನ್ನು ಪರೀಕ್ಷಿಸದೆ ಒಪ್ಪುವುದು ಅಮೂಢದೃಷ್ಟಿಯಲ್ಲ. ಮರಳಿ ಬಂದವರನ್ನು ವೇದಿಕೆಗೇರಿಸಿ ಹಿಂದಿನ ಬಾಳನ್ನು ಹಳಿಸುವುದನ್ನು ಬಸದಿಗಳ ಆಡಳಿತ ಮಂಡಳಿಗಳು ಪ್ರಭಾವನೆಯೆಂದು ಭ್ರಮಿಸಬಾರದು. ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಸ್ಥಿತಿಕರಣವೂ ಒಂದು. ಅಲುಗಿದವನಿಗೆ ಆಸರೆಯಾಗಿ ನಿಲ್ಲುವುದು ಅದರ ಲಕ್ಷಣ. ಆಸರೆಗೆ ಬಂದವನಿಂದ ಕಥೆಯನ್ನು ಕೇಳಲೇಬೇಕೆಂಬ ನಿಯಮ ಅದರಲ್ಲಿಲ್ಲ.