ಗೋವಿನ ಹಾಡಿನಲ್ಲಿ ಹುಲಿ ಯಾರು?

ಕುಮಟಾ, ಹೊನ್ನಾವರ, ಭಟ್ಕಳದ ಕೇರಿಗಳಿಂದ ಶಾಲೆಗೆ ಹೋದ ನಾವೂ ಗೋವಿನ ಹಾಡು ಕೇಳಿ ಅತ್ತವರೇ. ಆದರೆ ಹುಲಿ ದನ ತಿನ್ನಲು ಬಂತು ಅಂದ ಕೂಡಲೆ ತರಗತಿಯೆಲ್ಲ ತಿರುಗಿ ನಮ್ಮನ್ನೇ ನೋಡುತ್ತಿತ್ತು. ಈ ಹಾಡಿನ ಲೆಕ್ಕ ಕೇಳುವ ಹಕ್ಕು ನಮಗಿದೆ.

ಬಾಯಿಂದ ಬಾಯಿಗೆ ಬಂದ ಈ ಕಥನಗೀತೆಯನ್ನು ಪಠ್ಯಪುಸ್ತಕ ಸತ್ಯದ ಪಾಠ ಮಾಡಿತು. 1977ರಲ್ಲಿ ಕಾರ್ನಾಡ್-ಕಾರಂತರ 'ತಬ್ಬಲಿಯು ನೀನಾದೆ ಮಗನೆ' ಚಿತ್ರ, ಭೈರಪ್ಪನವರ ಕಾದಂಬರಿ ಹಿಡಿದು, ಅಮೆರಿಕದಿಂದ ಮರಳಿದವನ ಮನೆಜಗಳದೊಳಕ್ಕೆ ಹಸುವನ್ನು ತಂದಿತು. 2020ರಲ್ಲಿ ಪುಣ್ಯಕೋಟಿ ಸಂಸ್ಕೃತದ ಅನಿಮೇಷನ್ ಚಿತ್ರವಾದಳು. 2022ರಲ್ಲಿ ಸರ್ಕಾರ ಗೋಶಾಲೆಯ ದನಗಳ ದತ್ತು ಯೋಜನೆಗೆ ಅವಳ ಹೆಸರಿಟ್ಟಿತು.

ಒಂದೊಂದು ಸಲವೂ ಹಸು ದೊಡ್ಡದಾಯಿತು, ಹಸಿವು ಸಣ್ಣದಾಯಿತು. ಹಾಡಿನಲ್ಲಾದರೋ ಹುಲಿಗೆ ಹಸಿವೂ ಇದೆ, ಅರ್ಬುತ ಅನ್ನೋ ಹೆಸರೂ ಇದೆ. ಅವನ ಮೇಲೆ ಯಾರೂ ದೊಣ್ಣೆ ಎತ್ತುವುದಿಲ್ಲ, ಕಾಯ್ದೆ ತರುವುದಿಲ್ಲ. ಕೊಟ್ಟ ಮಾತಿಗೆ ಬಂದು ನಿಂತವಳನ್ನು ಕಂಡು ತಾನೇ ಕರಗುತ್ತಾನೆ. ತಬ್ಬಲಿ ಕರುವನ್ನು ತಾಯಿ ಒಪ್ಪಿಸುವುದು ಜೊತೆಯ ಹಸುಗಳಿಗೆ. ಕೇರಿಯ ನ್ಯಾಯವೂ ಅದೇ.

ಆದರೂ ಕೊನೆಗೆ ಸಾಯುವವನು ಹಸಿದವನೇ. ಹಾಡಿನ ಜೊತೆ ನಮ್ಮ ಜಗಳ ಇರೋದು ಇಲ್ಲಿ. ಮೇಷ್ಟ್ರೇ, ನಾಳೆ ಈ ಪಾಠ ಮಾಡುವಾಗ ಮಕ್ಕಳನ್ನು ಮೊದಲು ಕೇಳಿ: ಹುಲಿ ಯಾಕೆ ಹಸಿದಿತ್ತು?