ಮೊದಲ ಮುದ್ರಣ ಎಲ್ಲಿ, ಪತ್ತೇದಾರರೇ?



ಪುಸ್ತಕ ಸಂಗ್ರಹದ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಟಿಪ್ಪಣಿಗೆ ಉತ್ತರವಾಗಿ ಒಬ್ಬರು ಕೇಳಿದ್ದಾರೆ: ಲಂಡನ್ನಿನಲ್ಲಿ ಹಳೆಯ ಕ್ರೈಂ ಕಾದಂಬರಿಗಳ ಮೊದಲ ಮುದ್ರಣಕ್ಕೆ ಸಾವಿರಾರು ಪೌಂಡ್ ಸುರಿಯುವವರಿದ್ದಾರೆ, ನಮ್ಮ ಎನ್. ನರಸಿಂಹಯ್ಯನವರ ಪುಸ್ತಕಕ್ಕೆ ಎಷ್ಟು ಬಂದೀತು? ಉತ್ತರ ಸುಲಭ. ತಕ್ಕಡಿಯಲ್ಲಿ ಇಟ್ಟರೆ ರದ್ದಿಗೆ ಎಷ್ಟೋ ಅಷ್ಟು. ಆದರೆ ಈ ಉತ್ತರದ ಹಿಂದೆ ನಮ್ಮ ವಿಮರ್ಶೆಯದೇ ಒಂದು ಸಮಸ್ಯೆ ಕೂತಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸಿತು.

ಮೊದಲು ಇಲ್ಲಿಯ ಕಥೆ. ಹಾರ್ಡ್-ಬಾಯ್ಲ್ಡ್ ಎಂಬುದಕ್ಕೆ ಕನ್ನಡದಲ್ಲಿ ಒಳ್ಳೆಯ ಪದ ಹುಟ್ಟಲಿಲ್ಲ. (ಗಟ್ಟಿಯಾಗಿ ಬೆಂದ ಮೊಟ್ಟೆ ಎಂದು ಅನುವಾದಿಸಿದರೆ ನಮ್ಮ ಬಳಗದ ಅರ್ಧ ಜನ ಎದ್ದು ಹೋದಾರು.) ಹೊಲಸು ಊರು, ಲಂಚ ತಿನ್ನುವ ಪೊಲೀಸು, ಬಾಡಿಗೆ ಆಫೀಸಿನಲ್ಲಿ ಒಬ್ಬಂಟಿ ಖಾಸಗಿ ಪತ್ತೇದಾರ, ಬೀದಿಯ ಮಾತು. ಇಷ್ಟು ಸೇರಿದರೆ ಆ ಜಾತಿಯ ಕಾದಂಬರಿ. ಡ್ಯಾಶಿಯಲ್ ಹ್ಯಾಮೆಟ್‌ನ 'ದಿ ಮಾಲ್ಟೀಸ್ ಫಾಲ್ಕನ್' 1930ರಲ್ಲಿ, ರೇಮಂಡ್ ಚಾಂಡ್ಲರ್‌ನ 'ದಿ ಬಿಗ್ ಸ್ಲೀಪ್' 1939ರಲ್ಲಿ, ಎರಡೂ ನ್ಯೂಯಾರ್ಕಿನ ಕ್ನಾಫ್ ಪ್ರಕಾಶನದಿಂದ ಬಂದವು. ಇವತ್ತು ಇವುಗಳ ಮೊದಲ ಮುದ್ರಣದ ಒಳ್ಳೆಯ ಪ್ರತಿ, ಅದರ ಹೊದಿಕೆ ಕಾಗದದ ಸಮೇತ ಸಿಕ್ಕರೆ, ಒಂದು ಕಾರಿನ ಬೆಲೆ. ಅದೇ ಪುಸ್ತಕ, ಅದೇ ಮುದ್ರಣ, ಹೊದಿಕೆ ಮಾತ್ರ ಹರಿದು ಹೋಗಿದ್ದರೆ ಅದರ ಒಂದು ಸಣ್ಣ ಪಾಲು. ಅಂದರೆ ಬೆಲೆ ಇರುವುದು ಕಾದಂಬರಿಗಲ್ಲ, ಅದಕ್ಕೆ ಸುತ್ತಿದ ಕಾಗದಕ್ಕೆ. ಮದುವೆ ಹೆಣ್ಣಿಗಿಂತ ಸೀರೆ ನೋಡುವವರ ಲೆಕ್ಕ.

ಸೆಸಿಲ್ ಕೋರ್ಟ್ ಓಣಿಯ ಗಾಜಿನ ಕಪಾಟುಗಳ ಮುಂದೆ ನಿಂತು ಇದನ್ನು ಗೇಲಿ ಮಾಡುವುದು ಸುಲಭ. ಅಲ್ಲಿಂದ ಎರಡು ಹೆಜ್ಜೆ ದೂರದ ಚೇರಿಂಗ್ ಕ್ರಾಸ್ ರಸ್ತೆಯಲ್ಲಿ 'ಮರ್ಡರ್ ಒನ್' ಎಂಬ ಅಂಗಡಿ ಇತ್ತು. ಮ್ಯಾಕ್ಸಿಮ್ ಜಕುಬೊವ್ಸ್ಕಿ 1988ರಲ್ಲಿ ತೆರೆದದ್ದು, 2009ರ ಜನವರಿಯಲ್ಲಿ ಮುಚ್ಚಿತು. ಅದು ಓದುವವರ ಅಂಗಡಿ. ಕಪಾಟಿನವು ಓದದವರ ಅಂಗಡಿಗಳು ಎಂದು ನಮ್ಮಲ್ಲಿ ಕೆಲವರ ವಾದ. ಪೂರ್ತಿ ಒಪ್ಪುವುದು ಕಷ್ಟ. ಏಕೆಂದರೆ ಆ ಕಪಾಟಿನವರು, ಹಣದ ಆಸೆಗೇ ಆಗಲಿ, ಒಂದು ದೊಡ್ಡ ಕೆಲಸ ಮಾಡಿದ್ದಾರೆ. ಯಾವ ಪುಸ್ತಕ ಯಾವ ತಿಂಗಳು, ಯಾವ ಊರಲ್ಲಿ, ಯಾವ ಬಣ್ಣದ ಬಟ್ಟೆಯ ರಟ್ಟಿನಲ್ಲಿ ಮೊದಲು ಬಂತು ಎಂಬುದನ್ನು ಕೂದಲು ಸೀಳಿ ಬರೆದಿಟ್ಟಿದ್ದಾರೆ. ವಿಮರ್ಶಕರು ಆಮೇಲೆ ಅದರ ಮೇಲೆ ನಿಂತರು.

ಚಾಂಡ್ಲರ್‌ನನ್ನೇ ನೋಡಿ. ಹುಟ್ಟಿದ್ದು ಶಿಕಾಗೋದಲ್ಲಿ, 1888ರಲ್ಲಿ. ಬೆಳೆದದ್ದು ನಮ್ಮ ದಕ್ಷಿಣ ಲಂಡನ್ನಿನಲ್ಲಿ. ಡಲ್ವಿಚ್ ಕಾಲೇಜಿನ ಹುಡುಗ. ಅಪ್ಪರ್ ನಾರ್‌ವುಡ್‌ನ ಆಕ್ಲೆಂಡ್ ರಸ್ತೆಯ ಮನೆಗೆ 2014ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಕ್ರಾಯ್ಡನ್ ಕಡೆಯ ಸದಸ್ಯರು ನಡೆದೇ ಹೋಗಿ ನೋಡಬಹುದು. ಅವನ 'ದಿ ಲಾಂಗ್ ಗುಡ್‌ಬೈ' ಮೊದಲು ಬಂದದ್ದು ಅಮೆರಿಕದಲ್ಲಿ ಅಲ್ಲ, ಇಲ್ಲಿ. ಹ್ಯಾಮಿಶ್ ಹ್ಯಾಮಿಲ್ಟನ್ 1953ರಲ್ಲಿ ಹೊರತಂದರು, ಅಮೆರಿಕದ ಮುದ್ರಣ 1954ರದು. ಇಂಥ ವಿವರ ಬರೀ ಚಟದ ಮಾತಲ್ಲ. 'ದಿ ಬಿಗ್ ಸ್ಲೀಪ್' ಅನ್ನು ಚಾಂಡ್ಲರ್ ಹೊಲಿದದ್ದು 'ಬ್ಲ್ಯಾಕ್ ಮಾಸ್ಕ್' ಪತ್ರಿಕೆಯಲ್ಲಿ ತಾನೇ ಮೊದಲು ಬರೆದಿದ್ದ ಕಥೆಗಳ ತುಂಡುಗಳಿಂದ. ಹ್ಯಾಮೆಟ್‌ನ ಫಾಲ್ಕನ್ ಕೂಡ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ತಿದ್ದುಪಡಿಯಾಗಿ ಪುಸ್ತಕವಾಯಿತು. ಮಾಸಿದ ಆ ಪತ್ರಿಕೆಗಳನ್ನು ಯಾರೋ ಎತ್ತಿಟ್ಟದ್ದರಿಂದ ಇವತ್ತು ಎರಡನ್ನೂ ಪಕ್ಕದಲ್ಲಿಟ್ಟು, ಇಲ್ಲಿ ಒಂದು ವಿಶೇಷಣ ಹೊಡೆದು ಹಾಕಿದ, ಅಲ್ಲಿ ಒಂದು ಬೈಗುಳ ಮೆತ್ತಗೆ ಮಾಡಿದ ಎಂದು ತೋರಿಸಬಹುದು. ಅಗ್ಗದ ಕಾಗದದ ಲೇಖಕ ತನ್ನ ಕಸುಬನ್ನು ಹೇಗೆ ಕಲಿತ ಎಂಬುದಕ್ಕೆ ಸಾಕ್ಷಿ ಇದೆ.

ಈಗ ನಮ್ಮ ಕಡೆಗೆ ಬರೋಣ.

ನರಸಿಂಹಯ್ಯನವರು 1925ರಲ್ಲಿ ಹುಟ್ಟಿದವರು, 2011ರಲ್ಲಿ ತೀರಿಕೊಂಡರು. ನಾಲ್ಕನೇ ತರಗತಿಯವರೆಗೆ ಓದಿದವರು. 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬಂತು. ಅಲ್ಲಿಂದ ಮುಂದೆ ಬರೆದದ್ದು ಐನೂರಕ್ಕೂ ಮಿಕ್ಕಿ ಎನ್ನುತ್ತಾರೆ. ಅವರ ಬಗ್ಗೆ ಬಂದ ಶ್ರದ್ಧಾಂಜಲಿ, ಭಾಷಣ, ಲೇಖನಗಳಲ್ಲೆಲ್ಲ ಒಂದೇ ಮಾತು ಸಿಗುತ್ತದೆ: ಕನ್ನಡಿಗರಿಗೆ ಓದುವ ಚಟ ಹತ್ತಿಸಿದವರು. ಮಾತು ನಿಜವೇ ಇರಬಹುದು. ಆದರೆ ಅದನ್ನು ಎಷ್ಟು ಸಲ ಹೇಳಿದ್ದೇವೆ ಎಂದರೆ, ಅದು ಹೊಗಳಿಕೆಯ ವೇಷದಲ್ಲಿ ಬಾಗಿಲು ಮುಚ್ಚುವ ಮಾತಾಗಿದೆ. ಓದುವ ಚಟ ಹತ್ತಿಸಿದರು, ಆಮೇಲೆ ನಾವು ದೊಡ್ಡವರಾಗಿ ಕಾರಂತ, ಭೈರಪ್ಪ, ಅನಂತಮೂರ್ತಿ ಓದಿದೆವು, ಮುಗಿಯಿತು. ನರಸಿಂಹಯ್ಯ ಮೆಟ್ಟಿಲು, ಮೆಟ್ಟಿಲನ್ನು ಯಾರೂ ಓದುವುದಿಲ್ಲ, ತುಳಿಯುತ್ತಾರೆ.

ಓದಿದರೆ ಏನು ಕಾಣುತ್ತದೆ? ಒಂದನ್ನು ಹೇಳಬಹುದು. ಅವರ ಪತ್ತೇದಾರರ ಹೆಸರುಗಳನ್ನು ಗಮನಿಸಿ: ಪುರುಷೋತ್ತಮ, ಮಧುಸೂದನ, ಅರಿಂಜಯ. ಮೊದಲ ಎರಡು ನೇರವಾಗಿ ವಿಷ್ಣುವಿನ ನಾಮಗಳು, ಮೂರನೆಯದು ಶತ್ರುಗಳನ್ನು ಗೆದ್ದವನು. 'ಭಯಂಕರ ಬೈರಾಗಿ'ಯಂಥ ಶೀರ್ಷಿಕೆಯ ಪ್ರಾಸ ಕೂಡ ಹರಿಕಥೆಯ ಕಡೆಯಿಂದ ಬಂದಂತಿದೆ. ಚಾಂಡ್ಲರ್‌ನ ಮಾರ್ಲೋ ದಣಿದ ಮನುಷ್ಯ, ಗೆದ್ದರೂ ಸೋತವನಂತೆ ಮನೆಗೆ ಹೋಗುತ್ತಾನೆ. ನಮ್ಮ ಪುರುಷೋತ್ತಮ ದಣಿಯಲು ಬಂದವನಲ್ಲ, ದುಷ್ಟಶಿಕ್ಷಣಕ್ಕೆ ಬಂದವನು. ಅದಕ್ಕೆ ಹೊಂದಿಕೊಂಡದ್ದು 'ಪತ್ತೇದಾರ' ಎಂಬ ಪದ. ಅಮಲ್ದಾರ, ಶೇಕದಾರ, ಜಮಾದಾರರ ಸಾಲಿನಲ್ಲಿ ನಿಲ್ಲುವ ಪದ ಅದು. ಖಾಸಗಿ ಮನುಷ್ಯನಿಗೂ ಸರಕಾರಿ ಹುದ್ದೆಯ ಗತ್ತು ಕೊಡುತ್ತದೆ. ಆದ್ದರಿಂದ ಇದು ಹಾರ್ಡ್-ಬಾಯ್ಲ್ಡ್ ಅಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತೇವೆ. ಲಂಡನ್ನಿನ ಈಲಿಂಗ್‌ನಲ್ಲಿ ಹುಟ್ಟಿದ ಜೇಮ್ಸ್ ಹ್ಯಾಡ್ಲಿ ಚೇಸ್ ಅಮೆರಿಕದ ನಕ್ಷೆ, ಬೀದಿಮಾತಿನ ನಿಘಂಟು ಇಟ್ಟುಕೊಂಡು 1939ರಲ್ಲಿ 'ನೋ ಆರ್ಕಿಡ್ಸ್ ಫಾರ್ ಮಿಸ್ ಬ್ಲ್ಯಾಂಡಿಶ್' ಬರೆದು ಅಮೆರಿಕದವನಂತೆ ನಟಿಸಿದ; ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ನಮ್ಮ ತಲೆಮಾರು ಕೊಂಡದ್ದು ಹೆಚ್ಚಾಗಿ ಅವನನ್ನೇ. ನರಸಿಂಹಯ್ಯನವರ ದಾರಿ ಬೇರೆ. ಅವರು ವಿದೇಶಿ ಪ್ರಕಾರಕ್ಕೆ ಪುರಾಣದ ಜನಿವಾರ ಹಾಕಿ ಮನೆಯೊಳಗೆ ಬಿಟ್ಟುಕೊಂಡರು. ಮೊಟ್ಟೆ ಒಳಗೆ ಬಾರದ ಮನೆಗಳಲ್ಲೂ ಪತ್ತೇದಾರ ಅಡುಗೆಮನೆಯವರೆಗೆ ಹೋದ.

ಇದು ನಮ್ಮ ಊಹೆ. ಗಟ್ಟಿ ಮಾಡಲು ಮುಂದಿನ ಪ್ರಶ್ನೆ ಕೇಳಬೇಕು. 1952ರ ಭಾಷೆ 1972ಕ್ಕೆ ಬದಲಾಯಿತೇ? ಮರುಮುದ್ರಣದಲ್ಲಿ ಪುಟ ಕಡಿಮೆ ಮಾಡಲು ಪ್ರಕಾಶಕರು ಕತ್ತರಿ ಆಡಿಸಿದರೇ? ರಾಜಕುಮಾರ್ ಸಿನಿಮಾಗಳನ್ನು ನೋಡಿ ಪುರುಷೋತ್ತಮ ಮಾತಿನ ಧಾಟಿ ತಿದ್ದಿಕೊಂಡನೇ? ಹೋಲಿಸಲು ಎರಡು ಪ್ರತಿ ಬೇಕು, ನಮ್ಮ ಕೈಯಲ್ಲಿ ಒಂದೂ ಇಲ್ಲ. 'ಸಂಸ್ಕಾರ'ದ ಮೊದಲ ಮುದ್ರಣ ಎಂದರೆ ನಮ್ಮ ಬಳಗದಲ್ಲಿ ನಿದ್ದೆಗಣ್ಣಿನಲ್ಲೂ 1965, ಧಾರವಾಡ, ಮನೋಹರ ಗ್ರಂಥಮಾಲೆ ಎನ್ನುವವರಿದ್ದಾರೆ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೈ ದಾಟಿದ ಪುರುಷೋತ್ತಮನನ್ನು ಕೇಳಿದರೆ ಇಸವಿ ಹೇಳಿ ಸುಮ್ಮನಾಗುತ್ತೇವೆ.

ಇನ್ನೊಂದು ಉದಾಹರಣೆ ಚುಚ್ಚುವಂಥದ್ದು. ಪ್ರತಿ ನವೆಂಬರ್‌ನಲ್ಲಿ ಲಂಡನ್ನಿನ ಬಾಡಿಗೆ ಸಭಾಂಗಣಗಳಲ್ಲಿ ನಾವು ಅರಿಶಿನ-ಕುಂಕುಮದ ಬಾವುಟ ಹಾರಿಸುತ್ತೇವೆ. ಅದನ್ನು ಕಲ್ಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು. 1967ರಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಮಕ್ಕಳೊಂದಿಗೆ ತೀರಿಕೊಂಡರು. ಬಾವುಟ ನಮ್ಮ ಪ್ರತಿಯೊಬ್ಬರ ಮನೆಯಲ್ಲಿದೆ. ಅವರ ಒಂದು ಕಾದಂಬರಿ? ಬಳಗದಲ್ಲಿ ವಿಚಾರಿಸಿದೆವು, ಒಬ್ಬರ ಹತ್ತಿರವೂ ಇಲ್ಲ. ಟಿ.ಕೆ. ರಾಮರಾವ್ ಅವರದೂ ಇದೇ ಪಾಡು. 1972ರ 'ಬಂಗಾರದ ಮನುಷ್ಯ' ಚಿತ್ರ ಅವರ ಕಾದಂಬರಿಯಿಂದ ಬಂದದ್ದು ಎಂದು ಗೊತ್ತಿರುವವರೇ ಕಡಿಮೆ; ಅವರ ರೋಚಕ ಕಾದಂಬರಿಗಳನ್ನು ಕೇಳುವವರು ಇನ್ನೂ ಕಡಿಮೆ.

ಕಾನೂನು ಇತ್ತಲ್ಲ, ಗ್ರಂಥಾಲಯಗಳು ಇಟ್ಟಿರಬೇಕಲ್ಲ ಎನ್ನಬಹುದು. ಪ್ರಕಟವಾದ ಪ್ರತಿ ಪುಸ್ತಕವನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ ಮೊದಲಾದ ಕಡೆ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ತಲುಪಿಸಬೇಕೆಂಬ ಭಾರತದ ಕಾಯಿದೆ 1954ರದು. ಪುರುಷೋತ್ತಮ ಅದಕ್ಕಿಂತ ಎರಡು ವರ್ಷ ಹಿರಿಯ. ಕಾಯಿದೆ ಬಂದ ಮೇಲೂ ಸಣ್ಣ ಪ್ರಕಾಶಕರು ಅದನ್ನು ಪಾಲಿಸಿದ್ದು ಅಷ್ಟಕ್ಕಷ್ಟೆ. ಸೇಂಟ್ ಪ್ಯಾಂಕ್ರಾಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ಕಾಲದ ಕನ್ನಡ ಪುಸ್ತಕಗಳಿವೆ, ನಿಜ. ಆದರೆ 1947ರ ನಂತರ ಆಯ್ದು ಕೊಳ್ಳುವವರಿಗೆ ಆರಾಣೆಯ ಪತ್ತೇದಾರಿ ಏಕೆ ಕಣ್ಣಿಗೆ ಬೀಳಬೇಕು?

ಉಳಿದದ್ದು ಮನೆಗಳ ಅಟ್ಟ. ಅಲ್ಲಿ ಸಿಗುವ ಪ್ರತಿಗಳ ಸಮಸ್ಯೆ ಏನೆಂದರೆ, ನಮ್ಮ ಕಣ್ಣಿಗೆ ಬಿದ್ದ ಪಾಕೆಟ್ ಕಾದಂಬರಿಗಳಲ್ಲಿ ಹಲವಕ್ಕೆ ಇಸವಿಯೇ ಇಲ್ಲ. ಗಂಭೀರ ಕನ್ನಡ ಪುಸ್ತಕಗಳ ಒಳಪುಟದಲ್ಲಿ 'ಮೊದಲ ಮುದ್ರಣ, ಪ್ರತಿಗಳು 1000' ಎಂದು ಸತ್ಯವಾಗಿ ಬರೆಯುವ ಒಳ್ಳೆಯ ಪದ್ಧತಿ ಇದೆ. ಈ ಬಡಪಾಯಿಗಳಿಗೆ ಆ ಭಾಗ್ಯವಿಲ್ಲ. ಇದ್ದಲ್ಲಿಯೂ 'ಮುದ್ರಣ'ವೋ 'ಆವೃತ್ತಿ'ಯೋ ಗೊಂದಲ. (ಸಾಫ್ಟ್‌ವೇರಿನವರಾದ ನಮಗೆ ವರ್ಷನ್ ನಂಬರ್ ಇಲ್ಲದ ಕಡತ ಕಂಡರೆ ಕೈ ತುರಿಸುತ್ತದೆ.) ಹಾಗಾಗಿ ನಾವೇ ಪುರುಷೋತ್ತಮರಾಗಬೇಕು. ಸುಳಿವುಗಳು ಸಾಕಷ್ಟಿವೆ. ಬೆಲೆ ರೂಪಾಯಿ-ಆಣೆಯಲ್ಲಿ ಮಾತ್ರ ಇದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು, ದಶಮಾಂಶ ನಾಣ್ಯ ಬಂದದ್ದು ಆಗ. 'ನಯಾ ಪೈಸೆ' ಎಂದಿದ್ದರೆ ಅಲ್ಲಿಂದ 1964ರ ಆಸುಪಾಸಿನವರೆಗೆ. ಆಮೇಲೆ 'ನಯಾ' ಬಿದ್ದುಹೋಯಿತು. ವಿಳಾಸ 'ಬೆಂಗಳೂರು-2' ಎಂದಿದೆಯೋ, '560 002' ಎಂದಿದೆಯೋ? ಆರಂಕಿ ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15. 'ಮೈಸೂರು ರಾಜ್ಯ' ಎಂದು ಕಂಡರೆ 1973ರ ನವೆಂಬರ್‌ಗೆ ಮುಂಚಿನದಾಗಿರುವ ಸಂಭವ ಹೆಚ್ಚು. ಹಳೆಯ ರಟ್ಟನ್ನೇ ಬಳಸಿ ಒಳಗೆ ಹೊಸ ಬೆಲೆಯ ರಬ್ಬರ್ ಸ್ಟಾಂಪ್ ಒತ್ತುವುದುಂಟು, ಆದ್ದರಿಂದ ಒಂದೇ ಸುಳಿವನ್ನು ನಂಬಬಾರದು. ಕಾಗದದ ಹಿಂಬದಿ ಬೆರಳಾಡಿಸಿ; ಮೊಳೆ ಜೋಡಿಸಿ ಅಚ್ಚು ಹಾಕಿದ್ದರೆ ಅಕ್ಷರದ ಒತ್ತು ಕೈಗೆ ತಾಗುತ್ತದೆ, ಆಫ್‌ಸೆಟ್ಟಾದರೆ ನುಣುಪು. ಕೊನೆಯ ಪುಟಗಳ ಜಾಹೀರಾತಿನಲ್ಲಿ 'ಇದೇ ಲೇಖಕರ ಇತರ ಕಾದಂಬರಿಗಳು' ಎಂದಿರುತ್ತದಲ್ಲ, ಅದು ಬಂಗಾರ. ಆ ಪಟ್ಟಿಯಲ್ಲಿ ಯಾವುದು ಇದೆ, ಯಾವುದು ಇನ್ನೂ ಇಲ್ಲ ಎಂಬುದರಿಂದ ಐನೂರು ಪುಸ್ತಕಗಳ ಸರತಿಯನ್ನೇ ಕಟ್ಟಬಹುದು.

ಇಲ್ಲಿಯ ಸಂಗ್ರಾಹಕರ ಅಳತೆಗೋಲಿನಲ್ಲಿ ಈ ಪ್ರತಿಗಳೆಲ್ಲ ನಪಾಸು. ರಟ್ಟು ಕಿತ್ತು ಮತ್ತೆ ಹೊಲಿದದ್ದು, ಸರ್ಕ್ಯುಲೇಟಿಂಗ್ ಲೈಬ್ರರಿಯ ಮೊಹರು, 'ಪುಟ ಹರಿದರೆ ದಂಡ' ಎಂಬ ಎಚ್ಚರಿಕೆ, ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದಿಟ್ಟ ಯಾವನೋ ಪುಣ್ಯಾತ್ಮನ ಪೆನ್ಸಿಲ್ಲು. ಸೆಸಿಲ್ ಕೋರ್ಟಿನ ಭಾಷೆಯಲ್ಲಿ ಇದೆಲ್ಲ ದೋಷ. ನಮ್ಮ ಮಟ್ಟಿಗೆ ಇದೇ ಪುಸ್ತಕದ ಅರ್ಧ ಮೌಲ್ಯ. ಮೊಹರಿನಿಂದ ಯಾವ ಊರಿಗೆ ಹೋಯಿತು ತಿಳಿಯುತ್ತದೆ, ದಿನಾಂಕದ ಚೀಟಿಯಿಂದ ವಾರಕ್ಕೆ ಎಷ್ಟು ಮನೆ ತಿರುಗಿತು ತಿಳಿಯುತ್ತದೆ. 'ಓದುವ ಚಟ ಹತ್ತಿಸಿದರು' ಎಂಬ ಮಾತಿಗೆ ಯಾರಾದರೂ ಪುರಾವೆ ಕೇಳಿದರೆ ತೋರಿಸಲು ಇರುವುದು ಈ ಕೊಳೆ ಮಾತ್ರ. ಕೈಯೇ ತಾಗದ ನರಸಿಂಹಯ್ಯ ಒಂದು ಸಿಕ್ಕರೆ ಸಂತೋಷ. ಆದರೆ ಎರಡರಲ್ಲಿ ಒಂದನ್ನು ಆರಿಸು ಎಂದರೆ ಕೊಳೆಯಾದದ್ದನ್ನೇ ತೆಗೆದುಕೊಳ್ಳುತ್ತೇವೆ.

ತಂದು ಲಂಡನ್ನಿನಲ್ಲಿ ಇಡಬೇಕೇ ಎಂಬ ಬಗ್ಗೆ ನಮ್ಮೊಳಗೇ ಜಗಳವಿದೆ. ಇಲ್ಲಿ ಗೆದ್ದಲಿಲ್ಲ, ಕಾಗದ ನಾಲ್ಕು ದಿನ ಹೆಚ್ಚು ಬಾಳುತ್ತದೆ. ಆದರೆ ನಮ್ಮ ಮಕ್ಕಳು ಕನ್ನಡ ಓದುವುದಿಲ್ಲ. ಇವತ್ತು ಊರಿನ ಅಟ್ಟದಲ್ಲಿ ಆಗುತ್ತಿರುವುದು ಮೂವತ್ತು ವರ್ಷ ಕಳೆದು ಹ್ಯಾರೋ, ಹೌನ್ಸ್ಲೋ ಮನೆಗಳ ಲಾಫ್ಟಿನಲ್ಲಿ ಆಗುತ್ತದೆ. ತಂದು ಕಳೆಯುವುದಕ್ಕಿಂತ ಅಲ್ಲೇ ಇರಲಿ, ಅಲ್ಲಿಯ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯ ಒಪ್ಪಿದರೆ ಅಲ್ಲಿಗೆ ಹೋಗಲಿ ಎಂಬುದು ಸದ್ಯದ ತೀರ್ಮಾನ. ರದ್ದಿಯವನು ಬಾಗಿಲಲ್ಲಿ ನಿಂತಿದ್ದರೆ ಮಾತ್ರ ಸೂಟ್‌ಕೇಸಿಗೆ ಹಾಕಿಕೊಳ್ಳಿ. ಒಂದು ಡಬ್ಬ ಉಪ್ಪಿನಕಾಯಿ ಕಡಿಮೆಯಾದರೂ ಪರವಾಗಿಲ್ಲ.

ಊರಿಗೆ ಹೋದವರು ಒಂದು ಕೆಲಸ ಮಾಡಿ. ಯಾವುದೇ ಹಳೆಯ ಪತ್ತೇದಾರಿ ಕಾದಂಬರಿ ಕಂಡರೆ ಫೋನಿನಲ್ಲಿ ನಾಲ್ಕು ಚಿತ್ರ ತೆಗೆಯಿರಿ: ಮುಖಪುಟ, ಒಳಪುಟದ ಮುದ್ರಣ ವಿವರ, ಲೈಬ್ರರಿ ಮೊಹರು, ಕೊನೆಯ ಜಾಹೀರಾತು. ಸಂಪಾದಕರ ವಿಳಾಸಕ್ಕೆ ಕಳುಹಿಸಿ, ಪಟ್ಟಿಗೆ ಸೇರಿಸುತ್ತೇವೆ. ಪಟ್ಟಿ ಈಗ ಎರಡು ಪುಟ ದಾಟಿದೆ. ಅದರಲ್ಲಿ ನಯಾ ಪೈಸೆಯವು ಕೆಲವಿವೆ. ಆಣೆಯದು ಒಂದೂ ಇಲ್ಲ.